ಏಳನೆಯವಳು

"ಇಲ್ಲ. ಆರೇ ಮಂದಿ," ಎಂದ ತಿರುಪತಿ.

ಹೊಳೆ ತುಂಬಿತ್ತು. ಅವನ ಹರಿಗೋಲಿನಲ್ಲಿ ಆರು ಜನ ಆಗಲೇ ಕೂತಿದ್ದರು. ದಂಡೆಯ ಮೇಲೆ ಬ್ಯಾಗು ಹಿಡಿದು ನಿಂತವಳು ನಂದಿನಿ. ನರ್ಸಿಂಗ್ ಕಲಿಯಲು ಕೃಷ್ಣೆಯ ನಡುಗಡ್ಡೆ ಬಿಟ್ಟು ಯಾದಗಿರಿಗೆ ಹೊರಟವಳು. ಆಚೆ ದಡದಲ್ಲಿ ಹತ್ತು ಗಂಟೆಗೆ ಬಸ್ಸು.

"ಹದಿನೆಂಟರ ಹುಡುಗಿ, ಏನ್ ಮಹಾ ಭಾರ? ಹತ್ತಿಸ್ಕೋ," ಮುಂದೆ ಕೂತಿದ್ದ ಭೀಮವ್ವ ಗದರಿದಳು. "ಎರಡು ವರ್ಷ ಅಕೀನ್ನ ಕದ್ದು ಕದ್ದು ನೋಡೀದಿ. ಇವತ್ತ ನಿನ್ನ ತೋಳಿನ ಮ್ಯಾಲೆ ನಿನಗ ಭರೋಸಾ ಇಲ್ಲೇನೋ ನಮ್ಮಪ್ಪಾ?"

ಎಲ್ಲರೂ ನಕ್ಕರು. ತಿರುಪತಿಯ ಕಿವಿ ಕೆಂಪಾಯಿತು. ಹತ್ತೊಂಬತ್ತರ ವಯಸ್ಸಿಗೆ ಇಂಥ ಮಾತು ಬೇಗ ನಾಟುತ್ತದೆ. ಆದರೆ ಅಪ್ಪ ಹುಟ್ಟನ್ನು ಕೈಗಿತ್ತ ದಿನ ಅವನು ತಾನಾಗಿಯೇ ಊರವರೆದುರು ಆಡಿದ ಮಾತಿತ್ತು: ಹೊಳೆ ತುಂಬಿದಾಗ ಆರಕ್ಕಿಂತ ಹೆಚ್ಚು ಜನರನ್ನು ಕೂರಿಸುವುದಿಲ್ಲ. ಅದನ್ನು ಪ್ರೀತಿಗಾಗಿ ಒಮ್ಮೆ ಮುರಿದವನು ನಾಳೆ ಯಾರಿಗೆ ಇಲ್ಲವೆಂದಾನು?

ಅವಳ ಮುಖ ನೋಡಲಾಗದೆ ಹರಿಗೋಲು ತಳ್ಳಿದ.

ಹೊಳೆಯುದ್ದಕ್ಕೂ ಒಂದೇ ಸಂಕಟ. ಅವಳು ಸಿಟ್ಟಾಗಿ ಮನೆಗೆ ತಿರುಗಿದ್ದರೆ? ಯಾದಗಿರಿಯಲ್ಲಿ ಅವಳಿಗೆ ತನ್ನ ಬಗ್ಗೆ ಉಳಿಯುವ ನೆನಪು ಈ 'ಇಲ್ಲ' ಒಂದೇ ಆದರೆ?

ಜನರನ್ನು ಇಳಿಸಿದವನು ನೀರು ಕೂಡ ಕುಡಿಯದೆ ಮರಳಿದ. ನಂದಿನಿ ಅಲ್ಲೇ ಇದ್ದಳು. ಹತ್ತಿ ಎದುರಿಗೆ ಕೂತಳು. ಗಾಳಿಗೆ ಅವಳ ದುಪಟ್ಟಾ ಅವನ ಮೊಣಕೈ ಸವರಿತು. ಅವಳು ಅದನ್ನು ಎಳೆದುಕೊಳ್ಳಲಿಲ್ಲ.

"ಸಿಟ್ಟ ಬಂತಾ?" ಎಂದ.

"ಯಾಕ? ಬೇಕಂತಲೇ ತಡ ಮಾಡೀನಿ." ತುಟಿ ಕಚ್ಚಿ ನಗು ತಡೆದಳು. "ಜಾಲಿ ಗಿಡದ ಹಿಂದ ನಿಂತಿದ್ದೆ. ಆರು ಮಂದಿ ಕುಂತ ಮ್ಯಾಲೇ ಹೊರಗ ಬಂದೆ. ನಿನ್ನ ಮಾತು ನೀ ಉಳಿಸ್ಕೋತೀಯೋ ಇಲ್ಲೋ ನೋಡಬೇಕಿತ್ತು."

ಹುಟ್ಟು ನಿಂತಿತು. "ನಾ ಹತ್ತಿಸ್ಕೊಂಡಿದ್ರ?"

"ಸುಮ್ಮನ ಹೋಗತಿದ್ದೆ. ಹೇಳಾಕ ಏನೂ ಇರತಿರಲಿಲ್ಲ."

"ಈಗ ಐತೇನು?"

ನಂದಿನಿ ನೀರು ನೋಡಿದಳು, ಆಮೇಲೆ ಅವನನ್ನು. "ಐತಿ. ನೀ ಅಂದ್ರ ನಂಗ ಜೀವ." ಬ್ಯಾಗಿನ ಪಟ್ಟಿ ಬಿಗಿಯಾಗಿ ಹಿಡಿದಳು. "ಹೊಸ ಊರು, ಹಾಸ್ಟೆಲು, ಎಲ್ಲಾ ಇಂಗ್ಲಿಷು. ನನ್ನಿಂದ ಆಗಂಗಿಲ್ಲಂತ ಅಂಜಿದ್ದೆ. ಅಷ್ಟು ಮಂದಿ ನಕ್ಕರೂ ನಿನ್ನ ಕೈ ನಡುಗಲಿಲ್ಲ ನೋಡು. ಅದನ್ನ ಕಂಡು ಧೈರ್ಯ ಬಂತು."

"ನಡುಗತಿತ್ತು, ನಂದಿನಿ. ನೀ ದೂರ ಇದ್ದಿ, ಕಾಣಲಿಲ್ಲ."

ಅವಳು ಮುಂದೆ ಬಾಗಿ ಅವನ ಕೈ ಮೇಲೆ ಕೈಯಿಟ್ಟಳು. "ಇನ್ನೂ ನಡುಗಾಕತ್ತೈತಿ."

"ಹ್ಞೂಂ."

"ನಡುಗಿದ್ರೂ ಇಲ್ಲ ಅಂದೆಲ್ಲ. ಹಂಗಾದ್ರ ನನ್ನಿಂದನೂ ಆಕ್ಕತಿ."

ಆಚೆ ದಡದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಇನ್ನೊಂದು ಬಸ್ಸು ಮಧ್ಯಾಹ್ನಕ್ಕಿತ್ತು. ಹುಟ್ಟು ಸ್ವಲ್ಪ ನಿಧಾನ ಹಾಕಿದ್ದರೆ ಈ ಬಸ್ಸು ತಪ್ಪಿ, ಅಲ್ಲಿಯವರೆಗೂ ಅವಳು ಅವನ ಎದುರಿಗೇ ಇರುತ್ತಿದ್ದಳು.

"ಗಟ್ಟಿ ಕುಂದ್ರು," ಎಂದ ತಿರುಪತಿ.

ಅಷ್ಟು ಜೋರಾಗಿ ಅವನು ಹಿಂದೆಂದೂ ಹುಟ್ಟು ಹಾಕಿರಲಿಲ್ಲ.