ಮೂವರ ಫೋಟೋ

ಮರುನೋಟ ಯಂತ್ರ ಮೊದಲು ತೋರಿಸಿದ್ದು ಕೈಗಳನ್ನು.

ಕೋಣೆಯ ಮುಂದಿನ ಗೋಡೆಯ ತುಂಬ ಒಂದು ಹಳೆಯ ಫೋಟೋ ಬೆಳಗುತ್ತಿತ್ತು. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆ, ಕಾಗದದ ಮೇಲೆ ಗಿರ್ಮಿಟ್, ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡೂ ತಿನ್ನುವುದನ್ನು ನಿಲ್ಲಿಸದ ಆರು ವರ್ಷದ ಹುಡುಗಿ. ಹಿಂದಿನ ಗೋಡೆ ಬೂದು ಬಣ್ಣದ್ದಾಗಿ ಖಾಲಿ ಇತ್ತು. ಫೋಟೋ ತೆಗೆದವರು ಅಂದು ನಿಂತಿದ್ದ ದಿಕ್ಕು ಅದು. ನೋಡುತ್ತಿದ್ದಂತೆ ಆ ಬೂದು ಬಣ್ಣದೊಳಗಿಂದ ಆಕಾಶದ ಒಂದು ಚೂರು ಬಂತು, ಒಂದು ಬೇವಿನ ಗಿಡ ಬಂತು, ಚೌಕಳಿ ಅಂಗಿಯ ತೋಳು ಬಂತು, ಆಮೇಲೆ ಎರಡು ಕೈ. ಬಲಗೈ ತೋರುಬೆರಳಿನ ಗೆಣ್ಣಿನ ಮೇಲೆ ಸುಟ್ಟ ಕಲೆಯಿತ್ತು.

ನೀಲಗಂಗಾ ಕುರ್ಚಿಯಿಂದ ಅರ್ಧ ಎದ್ದರು. "ಅವರ ಕೈ ಇವು," ಎಂದರು. "ವೆಲ್ಡಿಂಗ್ ಕಿಡಿ ಸಿಡಿದಿದ್ದು ಅದು."

ಪಕ್ಕದಲ್ಲಿ ಮಗಳು ಇಂಚರಾ ಕೂತಿದ್ದಳು. ಗಿರ್ಮಿಟ್ ತಿನ್ನುತ್ತಿದ್ದ ಹುಡುಗಿ ಅವಳೇ. ಆ ಫೋಟೋ ತೆಗೆದ ಮರುವರ್ಷ ಅಪ್ಪ ಎದೆನೋವಿನಿಂದ ತೀರಿಕೊಂಡಿದ್ದರು. ಈಗ ಅವಳ ತಲೆಗೂದಲಲ್ಲಿ ಬಿಳಿ ಬಂದಿದೆ. ಅಪ್ಪ ಬದುಕಿದ್ದಕ್ಕಿಂತ ಹೆಚ್ಚು ವರ್ಷ ಬದುಕಿಯಾಗಿದೆ. ಅವಳು ಕೈಗಳಿಂದ ಕಣ್ಣನ್ನು ಮೇಲಕ್ಕೆ ಎತ್ತಿದಳು. ಮುಖ ಇರಬೇಕಾದ ಜಾಗದಲ್ಲಿ ಒಂದು ಕಪ್ಪು ಆಯತ ನಿಂತಿತ್ತು.

"ಫೋನು," ಎಂದರು ಡಾ. ಶಹನಾಜ್ ನದಾಫ್, ತಪ್ಪು ತಮ್ಮದೇ ಎನ್ನುವಷ್ಟು ಮೆಲ್ಲಗೆ.

ನದಾಫ್ ಅವರು ಧಾರವಾಡದ ತಮ್ಮ ಪ್ರಯೋಗಾಲಯದಲ್ಲಿ ಈ ಯಂತ್ರವನ್ನು ಕಟ್ಟಿದ್ದರ ಮೂಲ ವಿಚಾರ ಸರಳವಾದದ್ದು. ಕಣ್ಣಿನ ಕಪ್ಪುಗುಡ್ಡೆಯನ್ನು ಮುಚ್ಚಿರುವ ಪಾರದರ್ಶಕ ಪರದೆ, ಅಂದರೆ ಕಾರ್ನಿಯಾ, ಒಂದು ಪುಟ್ಟ ಉಬ್ಬುಗನ್ನಡಿ. ಎದುರಿಗಿರುವುದೆಲ್ಲ ಅದರಲ್ಲಿ ಬೀಳುತ್ತದೆ. ಸ್ಟೀಲ್ ಲೋಟ, ಕಾರಿನ ಬಾಗಿಲು, ಅಂಗಡಿಯ ಗಾಜು, ನಿಂತ ನೀರು, ಇವೂ ಕನ್ನಡಿಗಳೇ. ಒಂದು ಫೋಟೋದಲ್ಲಿ ಇವುಗಳಿಂದ ಸಿಗುವುದು ಕೆಲವೇ ಚುಕ್ಕೆ ಬೆಳಕು, ಅದರಿಂದ ಏನೂ ತಿಳಿಯದು. ಆದರೆ ಒಬ್ಬರೇ ತೆಗೆದ ಸಾವಿರಾರು ಫೋಟೋಗಳ ಚುಕ್ಕೆಗಳನ್ನು ಒಂದರೊಡನೊಂದು ಹೊಂದಿಸಿದರೆ, ತೆಗೆದವರ ಎತ್ತರ ತಿಳಿಯುತ್ತದೆ, ತೋಳಿನ ಉದ್ದ ತಿಳಿಯುತ್ತದೆ, ಕೊನೆಗೆ ಮುಖವೂ ಮೂಡುತ್ತದೆ. ಮನೆಯ ಎಲ್ಲ ಫೋಟೋಗಳನ್ನೂ ತೆಗೆದು ತಾನು ಮಾತ್ರ ಒಂದರಲ್ಲೂ ಇಲ್ಲದ ಅಪ್ಪನೋ ಅಮ್ಮನೋ ಎಷ್ಟೋ ಮನೆಗಳಲ್ಲಿ ಇದ್ದರು. ಅವರ ಮಕ್ಕಳು ಹಳೆಯ ಮೆಮೊರಿ ಕಾರ್ಡುಗಳನ್ನು ಹಿಡಿದುಕೊಂಡು ದೂರದೂರದಿಂದ ಬರುತ್ತಿದ್ದರು.

ನದಾಫ್ ಅವರದು ಒಂದೇ ಕಟ್ಟುಪಾಡು. ಯಂತ್ರ ಊಹಿಸಬಾರದು. ಬೆಳಕು ಬಂದು ಬೀಳದ ಜಾಗ ಬೂದು ಬಣ್ಣದಲ್ಲೇ ಉಳಿಯಬೇಕು.

ಇಂಚರಾಳ ಮನೆಯ ಫೋಟೋಗಳಲ್ಲಿ ಅಪ್ಪ ಇಲ್ಲದ್ದಕ್ಕೆ ಕಾರಣವಿತ್ತು. ಮೂವರು ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಳ್ಳಬಾರದು, ಮೂವರಲ್ಲಿ ಒಬ್ಬರಿಗೆ ಕೇಡು ಎಂದು ನೀಲಗಂಗಾ ಅವರ ತವರಿನಲ್ಲಿ ನಂಬುತ್ತಿದ್ದರು. ನೆಂಟರಿಷ್ಟರ ನಡುವೆಯಾದರೆ ಯಾರನ್ನಾದರೂ ಕರೆದು ನಾಲ್ವರಾಗಬಹುದಿತ್ತು. ಇವರ ಮನೆಯಲ್ಲಿ ಇದ್ದದ್ದೇ ಮೂವರು. ಹಾಗಾಗಿ ಭಾನುವಾರ ಎಲ್ಲಿಗೆ ಹೋದರೂ ತಾಯಿ ಮಗಳು ನಿಲ್ಲುವುದು, ಗೇಟು ಗ್ರಿಲ್ಲು ಮಾಡುವ ಅಂಗಡಿಯಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ ಅಪ್ಪ ಗುರುಶಾಂತ ಎದುರಿಗೆ ನಿಂತು ತೆಗೆಯುವುದು. ಅವರಿಗೆ ಅದರ ಹುಚ್ಚು. ಕೆರೆ, ನೃಪತುಂಗ ಬೆಟ್ಟ, ಬಾದಾಮಿ, ಕಾರವಾರದ ಸಮುದ್ರ. ಹೋಗಲಿಕ್ಕೆ ಎಲ್ಲೂ ಇಲ್ಲದ ವಾರ ಮಗಳು ಹಲ್ಲುಜ್ಜುವುದು, ಹೆಂಡತಿ ರೊಟ್ಟಿ ಬಡಿಯುವುದು. ಒಮ್ಮೆ ಮಾತ್ರ ನೀಲಗಂಗಾ ಫೋನ್ ಇಸಿದುಕೊಂಡು ಗಂಡನ ಫೋಟೋ ತೆಗೆದಿದ್ದರು. ಅದರಲ್ಲಿ ಅವರದೇ ಬೆರಳು ಅಡ್ಡ ಬಂದು, ಗುರುಶಾಂತರ ಭುಜದಿಂದ ಮೇಲೆ ಬರೀ ಗುಲಾಬಿ ಮಸುಕು.

ಮದುವೆಯ ಆಲ್ಬಮ್ಮಿನಲ್ಲಿ ಬಾಸಿಂಗದ ಕೆಳಗೆ ಒಂದು ಮುಖವಿತ್ತು, ಗುರುತಿನ ಚೀಟಿಯಲ್ಲಿ ಹೆದರಿದ ಒಂದು ಮುಖವಿತ್ತು. ಇಂಚರಾ ಅವೆರಡನ್ನೂ ಎಷ್ಟೋ ಸಲ ನೋಡಿದ್ದಳು. ಅವಳಿಗೆ ಬೇಕಾದದ್ದು ಅದಲ್ಲ. ಹನ್ನೆರಡು ಸಾವಿರ ಸಲ ತನ್ನನ್ನು "ಇಲ್ಲೆ ನೋಡು" ಎಂದು ಕರೆದವರು, ತಾನು ತಿರುಗಿ ನೋಡಿದಾಗ ಹೇಗೆ ಕಾಣುತ್ತಿದ್ದರು? ಅದೊಂದನ್ನು ನೋಡಬೇಕೆಂದು ಅವಳು ಇಲ್ಲಿಗೆ ಬಂದಿದ್ದಳು. ಅವ್ವ ಬರಲು ಒಪ್ಪಿರಲಿಲ್ಲ. ಹೊರಡುವ ದಿನ ಮಾತ್ರ ಯಾರೂ ಕೇಳದೆ ಸೀರೆ ಉಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

ಆ ಮೊದಲ ದಿನದ ಮೇಲೆ ಮೂರು ವಾರ ಯಂತ್ರ ಕೆಲಸ ಮಾಡಿತು. ಮಗಳ ಕಣ್ಣುಗಳಿಂದ ಸಿಕ್ಕಿದ್ದು ಮತ್ತೆ ಮತ್ತೆ ಅದೇ, ಎರಡು ಕೈ, ನಡುವೆ ಕಪ್ಪು ಆಯತ. ಕರೆದಾಗಲೆಲ್ಲ ಅವಳು ಎಷ್ಟು ಚೆನ್ನಾಗಿ ತಿರುಗಿ ನೋಡಿದ್ದಳೆಂದರೆ, ಆ ಆಯತದ ಅಂಚು ಸಹ ಸ್ಪಷ್ಟವಾಗಿ ಬಂದಿತ್ತು. ಆಗ ನದಾಫ್ ತಾಯಿಯ ಕಣ್ಣುಗಳ ಕಡೆ ತಿರುಗಿದರು. ಪಕ್ಕಕ್ಕೆ ನಿಂತವರ ಕಣ್ಣಲ್ಲಿ ಒಮ್ಮೊಮ್ಮೆ ಫೋನಿನ ಮರೆಯ ಮುಖ ಓರೆಯಾಗಿ ಸಿಗುವುದುಂಟು. ಅದರ ಫಲವನ್ನು ಹೇಳಲು ಅವರು ಇಬ್ಬರನ್ನೂ ಮತ್ತೆ ಕರೆಸಿದರು.

"ಅವ್ವಾರ, ನಿಮ್ಮ ಕಣ್ಣಾಗ ಹುಡುಕಿದ್ವಿ," ಎಂದರು. "ಎಲ್ಲಾ ಫೋಟೋದಾಗೂ ಬರೇ ಮಗಳ ಇದ್ದಾಳ. ಒಂದರಾಗೂ ನೀವು ಅವರನ್ನ ನೋಡಿಲ್ಲ."

ನೀಲಗಂಗಾ ಸೆರಗನ್ನು ಬೆರಳಿಗೆ ಸುತ್ತಿಕೊಂಡರು. "ನೀರಿನ ದಂಡಿ ಮ್ಯಾಲ ಹುಡುಗಿ ನಿಂತಿದ್ರ, ಗಂಡನ ಮುಖ ಯಾರು ನೋಡ್ತಾರ್ರೀ ಬಾಯಾರ?"

ಆ ಮಾತಿಗೆ ನದಾಫ್ ನಕ್ಕರು, ಇಂಚರಾಳಿಗೂ ನಗು ಬಂತು. ನಗು ಮುಗಿದ ಮೇಲೆ ಅವ್ವ ತನ್ನ ಕಡೆ ಅಷ್ಟೊಂದು ನೋಡಿದ್ದರೆಂಬುದೂ ಈಗ ತನ್ನ ಮೇಲೇ ಬಿದ್ದ ಭಾರದಂತೆ ಅವಳಿಗೆ ಅನ್ನಿಸಿತು.

ಇನ್ನೊಂದು ಫೋಟೋ ಇದೆ ಎಂದರು ನದಾಫ್. ಕೆಟ್ಟುಹೋದ ಫೋಟೋ. ಇಂಚರಾ ಕೊಡುವಾಗಲೇ ಬೇಡವೆಂದು ಬದಿಗಿಟ್ಟ ಕಡತದಲ್ಲಿ ಇದ್ದದ್ದು.

ಅದು ಗೋಕಾಕ ಫಾಲ್ಸಿನ ತೂಗುಸೇತುವೆ. ಚಿತ್ರ ಪೂರ್ತಿ ಓರೆಯಾಗಿತ್ತು, ಹುಡುಗಿಯ ತಲೆಯೇ ಬಂದಿರಲಿಲ್ಲ. ನಡುವೆ ನೀಲಗಂಗಾ, ಎಳೆಯ ವಯಸ್ಸು, ಬಲಗೈಯನ್ನು ಮುಂದಕ್ಕೆ ಚಾಚಿ ಅಡ್ಡ ಹಿಡಿದಿದ್ದಾರೆ. ಮೊಣಕೈವರೆಗೂ ಹಸಿರು ಗಾಜಿನ ಬಳೆ. ಕಣ್ಣು ನೇರವಾಗಿ ಎದುರಿಗೆ.

ಅವತ್ತಿನದು ನೀಲಗಂಗಾ ಅವರಿಗೆ ನೆನಪಿತ್ತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬರು ನಿಂತು, ಕೊಡ್ರಿ ಅಣ್ಣಾರ, ನೀವೂ ನಿಂದರ್ರಿ, ಮೂವರದೂ ನಾ ತೆಗೀತೀನಿ ಅಂದಿದ್ದರು. ಗುರುಶಾಂತ ಫೋನನ್ನು ಎದೆಯ ಮಟ್ಟಕ್ಕೆ ಇಳಿಸಿ ಅವರಿಗೆ ಕೊಡಲು ಹೊರಟಿದ್ದರು. ನೀಲಗಂಗಾ ಕೈ ಅಡ್ಡ ಹಿಡಿದು ಬ್ಯಾಡ ಅಂದಿದ್ದರು. ಆ ಕ್ಷಣ ಹೆಬ್ಬೆರಳು ತಾಗಿ ಈ ಫೋಟೋ ಬಿದ್ದಿರಬೇಕು.

"ಫೋನ್ ಕೆಳಗ ಬಂದಿತ್ತು. ನೀವು ಅವರನ್ನ ನೋಡಾಕತ್ತಿದ್ರಿ," ಎಂದರು ನದಾಫ್. "ಕಣ್ಣಾಗ ಸಣ್ಣದು ಸಿಕ್ಕೈತಿ. ಆದ್ರ ಬಾಳ ಸಿಕ್ಕಿದ್ದು ಬಳ್ಯಾಗ."

ಗಾಜಿನ ಬಳೆ ಒಂದೊಂದೂ ಬಾಗಿದ ಕನ್ನಡಿ. ಒಂದರ ಪಕ್ಕ ಒಂದು ಬೇರೆಬೇರೆ ಕೋನದಲ್ಲಿ ನಿಂತು, ಒಂದೊಂದು ಬಳೆ ಎದುರಿನ ಮುಖದ ಒಂದೊಂದು ಎಳೆಯನ್ನು ಹಿಡಿದಿಟ್ಟುಕೊಂಡಿತ್ತು. ಬೇಡವೆಂದು ಚಾಚಿದ ಕೈಯ ತುಂಬ ಅವರೇ ಇದ್ದರು. ನೀಲಗಂಗಾ ತಮ್ಮ ಬಲಗೈ ಮಣಿಕಟ್ಟನ್ನು ಎಡಗೈಯಿಂದ ಮುಚ್ಚಿಕೊಂಡರು. ಆ ಬಳೆಗಳನ್ನು ಒಡೆಸಿದ ದಿನದಿಂದ ಅದು ಖಾಲಿಯೇ ಇತ್ತು.

ನದಾಫ್ ಯಂತ್ರವನ್ನು ಚಾಲೂ ಮಾಡಿದರು.

ಹಿಂದಿನ ಗೋಡೆಯಲ್ಲಿ ಮೊದಲು ಸೇತುವೆಯ ಹಲಗೆ ಬಂತು. ಎದೆಯ ಹತ್ತಿರ ಫೋನ್ ಹಿಡಿದ ಬಲಗೈ ಬಂತು. ಅದರ ಮೇಲೆ ಗದ್ದ, ಎಣ್ಣೆಗಪ್ಪು ಮೀಸೆ, ಒಂದು ಕಿವಿ. ಇನ್ನೊಂದು ಕಿವಿಯ ಜಾಗ ಬೂದಾಗಿಯೇ ಉಳಿಯಿತು. ಬಾಯಲ್ಲಿ ಆ ಅಪರಿಚಿತರಿಗಾಗಿ ಶುರುವಾದ ನಗು ಇನ್ನೂ ಇತ್ತು, ಕಣ್ಣಿಗೆ ಮಾತ್ರ ಆಗಲೇ ವಿಷಯ ತಿಳಿದಿತ್ತು. ಕೊನೆಗೆ ಎಡಗೈ ಬಂತು. ಅದು ಹಣೆಯ ಮೇಲಿತ್ತು, ಬೆರಳುಗಳು ಕೂದಲೊಳಗೆ.

"ಅವ್ವ, ಕೈ ಯಾಕ ಹಂಗ ಇಟ್ಕೊಂಡಾರ?" ಎಂದು ಕೇಳಿದಳು ಇಂಚರಾ.

ನೀಲಗಂಗಾ ಬಹಳ ಹೊತ್ತು ನೋಡಿದರು.

"ತಲಿ ಬಾಚ್ಕೊಳ್ಳಾಕತ್ತಾರ," ಎಂದರು. "ಫೋಟೋಕ್ಕ."

ಇಂಚರಾ ಎದ್ದು ಗೋಡೆಯ ಹತ್ತಿರ ಹೋದಳು. ಹತ್ತಿರ ಹೋದಷ್ಟೂ ಮುಖ ಚುಕ್ಕೆಗಳಾಗಿ ಒಡೆಯಿತು. ಎರಡು ಹೆಜ್ಜೆ ಹಿಂದೆ ಬಂದರೆ ಮತ್ತೆ ಕೂಡಿಕೊಂಡಿತು. ಅಪ್ಪ ತನ್ನ ಕಡೆ ನೋಡುತ್ತಿರಲಿಲ್ಲ. ಅವ್ವನ ಕಡೆ ನೋಡುತ್ತಿದ್ದರು. ನಲವತ್ತು ವರ್ಷ ಕಾದು ಸಿಕ್ಕಿದ ಒಂದೇ ಮುಖ, ಬೇಡ ಎನ್ನಿಸಿಕೊಂಡವರ ಮುಖ. ಅವಳು ನದಾಫ್ ಅವರ ಕಡೆ ತಿರುಗದೆಯೇ ಕೇಳಿದಳು. ಊರಲ್ಲಿ ಬೇರೆ ಅಂಗಡಿಗಳಿವೆ, ಅವರು ನಗು ಕೂಡಿಸಿಕೊಡುತ್ತಾರಂತೆ, ಕಣ್ಣು ತನ್ನ ಕಡೆ ತಿರುಗಿಸಿ ಕೊಡುತ್ತಾರಂತೆ. ನಿಮ್ಮ ಯಂತ್ರದಲ್ಲಿ ಅದು ಆಗುವುದಿಲ್ಲವೆ?

ಆಗುತ್ತದೆ, ಒಂದು ನಿಮಿಷದ ಕೆಲಸ ಎಂದರು ನದಾಫ್. ಆದರೆ ಆ ನಗು ಯಂತ್ರದ್ದಾಗಿರುತ್ತದೆ. ಒಮ್ಮೆ ಅದನ್ನು ನೋಡಿದ ಮೇಲೆ ಇದನ್ನು ನೆನಪಿಟ್ಟುಕೊಳ್ಳುವುದು ಯಾರಿಗೂ ಸಾಧ್ಯವಾಗಿಲ್ಲ. ತಮ್ಮ ತಾಯಿಯ ಚಿತ್ರದಲ್ಲಿ ಮೊದಲು ಹಾಗೆ ಮಾಡಿ ನೋಡಿದ್ದರಂತೆ.

"ಬ್ಯಾಡ," ಎಂದರು ನೀಲಗಂಗಾ. ಹೇಳಿ, ಆ ಮಾತು ತಮ್ಮದೇ ಕಿವಿಗೆ ಬಿದ್ದು, ಸ್ವಲ್ಪ ತಡೆದರು. "ಅದು ನಾ ಮಾಡಿದ ಮುಖ. ಇರ್ಲಿ ಬಿಡವ್ವ. ಹಂಗ ಇರ್ಲಿ."

ಆಮೇಲೆ ಅವರು ಎದ್ದರು. ಮೊಣಕಾಲು ನೋವಿನವರು, ಯಾರ ಕೈಯನ್ನೂ ಹಿಡಿಯದೆ ಹಿಂದಿನ ಗೋಡೆಯವರೆಗೆ ನಡೆದು, ಗುರುಶಾಂತರ ಬಲಕ್ಕೆ ಒಂದಿಷ್ಟು ಜಾಗ ಬಿಟ್ಟು ನಿಂತರು. ಪಕ್ಕದಲ್ಲಿ ನಿಂತಾಗ ಅವರು ಗಂಡನ ತಾಯಿಯಂತೆ ಕಂಡರು. ಸೆರಗು ಸರಿಮಾಡಿಕೊಂಡು, ಬಿಟ್ಟ ಜಾಗವನ್ನು ಮಗಳಿಗೆ ತೋರಿಸಿದರು.

"ಬಾ."

ಇಂಚರಾ ನಿಂತಲ್ಲೇ ನಿಂತಳು. ಅದನ್ನೆಲ್ಲ ನಂಬುವವಳಲ್ಲ ಅವಳು. ಆದರೂ ತನ್ನ ಗಂಡ, ಮಗನ ಜೊತೆ ಫೋಟೋಕ್ಕೆ ನಿಲ್ಲುವಾಗಲೆಲ್ಲ ನೆರೆಮನೆಯ ಯಾರನ್ನಾದರೂ ಕರೆದುಕೊಂಡೇ ನಿಂತಿದ್ದಳು. "ಮೂವರಾಗ್ತೀವಿ ಅವ್ವ," ಎಂದಳು.

"ಆಗ್ಲಿ. ಒಬ್ಬರಂತೂ ಮೊದಲ ಹೋಗ್ಯಾರ."

ಇಂಚರಾ ಹೋಗಿ ಅಪ್ಪ ಅವ್ವರ ನಡುವೆ ನಿಂತಳು. ಬೆಳಕಿನ ಅಂಗಿಗೆ ತೋಳು ತಾಗಿದಾಗ ಏನೂ ತಾಗಲಿಲ್ಲ. ನದಾಫ್ ತಮ್ಮ ಫೋನ್ ತೆಗೆದು ಎರಡೂ ಕೈಯಲ್ಲಿ ಹಿಡಿದು ಮುಖದ ಮುಂದೆ ಎತ್ತಿದರು. ಇಲ್ಲೆ ನೋಡ್ರಿ ಎನ್ನಲು ಬಾಯಿ ತೆರೆದಿದ್ದರು.

"ಬಾಯಾರ," ಎಂದರು ನೀಲಗಂಗಾ, "ಫೋನ್ ಒಂದೀಟು ಕೆಳಗ ಹಿಡೀರಿ. ನಿಮ್ಮ ಮುಖ ಕಾಣವಲ್ದು."

ನದಾಫ್ ಫೋನನ್ನು ಎದೆಗೆ ಇಳಿಸಿದರು. ಅವರ ಕಣ್ಣು ಒದ್ದೆಯಾಗಿತ್ತು. ತಾಯಿ ಮಗಳು ಅವರ ಮುಖವನ್ನೇ ನೋಡಿದರು.

ಆ ವರ್ಷದಿಂದ ಪ್ರಯೋಗಾಲಯಕ್ಕೆ ಬಂದವರಿಗೆಲ್ಲ ನದಾಫ್ ಫೋನ್ ಕೆಳಗೆ ಹಿಡಿಯಿರಿ ಎಂದೇ ಹೇಳತೊಡಗಿದರು. ಬಂದವರು ತಮ್ಮ ಮನೆಗಳಲ್ಲಿ ಹೇಳಿದರು. ಕೆಲವು ಕಾಲದ ಮೇಲೆ ಜನ ಫೋನನ್ನು ಎದೆಯ ಹತ್ತಿರ ಹಿಡಿದೇ ಫೋಟೋ ತೆಗೆಯುವುದು ರೂಢಿಯಾಯಿತು. ಚಿತ್ರಗಳು ಓರೆಯಾದವು, ಒಮ್ಮೊಮ್ಮೆ ಯಾರದೋ ತಲೆ ಹೋಯಿತು, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಆದರೆ ಯಂತ್ರಕ್ಕೆ ಬರುವ ಚಿತ್ರಗಳಲ್ಲಿ ಬಹುಪಾಲು ಇಂದಿಗೂ ಅದಕ್ಕೆ ಹಿಂದಿನವು, ಇಪ್ಪತ್ತೊಂದನೆಯ ಶತಮಾನದ ಮೊದಲ ಮೂವತ್ತು ನಲವತ್ತು ವರ್ಷಗಳವು. ಅಷ್ಟೊಂದು ಫೋಟೋ ಅದಕ್ಕೂ ಮೊದಲು ಯಾರೂ ತೆಗೆದಿರಲಿಲ್ಲ. ಅವುಗಳ ಹಿಂದಿನ ಗೋಡೆಯಲ್ಲಿ ಎರಡು ಕೈ, ನಡುವೆ ಕಪ್ಪು ಆಯತ. ಮುಂದಿನ ಗೋಡೆಯಲ್ಲಿ ಕೆರೆಯ ದಂಡೆ, ಐಸ್‌ಕ್ರೀಮು, ಹೊಸ ಫ್ರಾಕು, ಮತ್ತು ಕರೆದ ಕೂಡಲೇ ತಿರುಗಿ, ಆ ಆಯತವನ್ನೇ ನೋಡಿ ನಗುತ್ತಿರುವ ಒಂದು ಮಗು.