ಮುಖವಿಲ್ಲದ ಗೊಂಬೆ

ಬಹಳ ಬಹಳ ಹಿಂದೆ, ಉಕ್ರೇನ್ ಸೀಮೆಯ ಕಪ್ಪು ಮಣ್ಣಿನಲ್ಲಿ ಒಂದು ರಾಜ್ಯವಿತ್ತು. ಅಲ್ಲಿ ಹೊಲಕ್ಕೊಬ್ಬ ದೇವತೆ, ತೊರೆಗೊಬ್ಬ ದೇವತೆ. ಹಿಮ ಬೀಳತೊಡಗಿದರೆ ಅವರೆಲ್ಲ ಮನೆಗಳೊಳಗೆ ಬಂದು ಗೊಂಬೆಗಳಲ್ಲಿ ಬೆಚ್ಚಗೆ ಮಲಗುತ್ತಿದ್ದರು. ಗೋಧಿಹುಲ್ಲಿಗೆ ಹಳೆಬಟ್ಟೆ ಸುತ್ತಿ, ದಾರ ಬಿಗಿದು ಮಾಡಿದ ಗೊಂಬೆಗಳು. ಅವಕ್ಕೆ ಸೂಜಿ ಚುಚ್ಚುವಂತಿಲ್ಲ, ಕತ್ತರಿ ತಾಗಿಸುವಂತಿಲ್ಲ, ಮುಖವನ್ನಂತೂ ಬರೆಯುವಂತೆಯೇ ಇಲ್ಲ.

ರಾಜ ಯಾರೋಮಿರ್ ಒಳ್ಳೆಯವನೇ, ಆದರೆ ಅಲಂಕಾರದ ಹುಚ್ಚು. ಒಂದು ಸುಗ್ಗಿಯಲ್ಲಿ ಅಪ್ಪಣೆ ಹೊರಡಿಸಿ ಎಲ್ಲ ಗೊಂಬೆಗಳಿಗೂ ಕಣ್ಣು, ಮೂಗು, ಬಾಯಿ ಬರೆಸಿದ. ಬರೆದವಳು ಒದಾರ್ಕಾ. ಮೊಟ್ಟೆಯ ಮೇಲೆ ಮೇಣದಿಂದ ಚಿತ್ತಾರ ಬಿಡಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಅಜ್ಜಿ ಪರಾಸ್ಕಾ ಬೇಡ ಬೇಡವೆಂದು ಬಡಕೊಂಡಳು. ರಾಜನ ಹೊಗಳಿಕೆಗೆ ಉಬ್ಬಿಹೋಗಿದ್ದ ಹುಡುಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಉತ್ತರದ ಹಿಮಕೋಟೆಯಲ್ಲಿ ಮೊರೋಕ್ ಎಂಬ ಮಾಂತ್ರಿಕನಿದ್ದ. ಗೊಂಬೆಗೆ ಮುಖ ಬರೆದರೆ ಒಳಗೆ ಮಲಗಿದವರು ಸೆರೆ, ಯಾರದಾದರೂ ಮುಖವನ್ನೇ ಬರೆದರೆ ಅವರೂ ಅದರಲ್ಲೇ ಸೆರೆ, ಇದು ಅವನ ಮಂತ್ರ. ಇಷ್ಟು ಕಾಲ ಬರಿಮುಖದ ಗೊಂಬೆಗಳ ಮುಂದೆ ಅವನ ಆಟ ನಡೆದಿರಲಿಲ್ಲ. ಈಗ ಹಿಮ ಬಿದ್ದು ದೇವತೆಗಳು ಮಲಗಿದ್ದೇ ತಡ, ಬಂದು ಒಂದೊಂದನ್ನೇ ಕರೆದ. ಗೊಂಬೆಗಳು ದೇವತೆಗಳ ಸಮೇತ ಸಾಲಾಗಿ ಅವನ ಹಿಂದೆ ನಡೆದವು. ಆ ವರ್ಷ ರಾಜ್ಯಕ್ಕೆ ವಸಂತವೇ ಬರಲಿಲ್ಲ. ಬಿತ್ತಿದ ಕಾಳು ಕಲ್ಲಿನ ಹಾಗೆ ಮಣ್ಣಿನಲ್ಲಿ ಬಿದ್ದಿತ್ತು.

"ಬರೆದವಳು ನಾನು ಅಜ್ಜಿ, ನಾನೇ ಹೋಗಿ ಅಳಿಸಿ ಬರ್ತೀನಿ" ಎಂದಳು ಒದಾರ್ಕಾ. ಅವಳಿಗೆ ನಾಚಿಕೆಯೂ ಆಗಿತ್ತು, ಅಳುವೂ ಬಂದಿತ್ತು. ಅಜ್ಜಿ ಬೈಯಲಿಲ್ಲ. ಚಿತ್ತಾರದ ಮೊಟ್ಟೆಯೊಂದನ್ನು, ಕೆಂಪು ಕಸೂತಿಯ ವಸ್ತ್ರವನ್ನು, ಒಂದು ಹಿಡಿ ಹುಲ್ಲು, ಬಟ್ಟೆಚೂರು, ದಾರವನ್ನು ಗಂಟು ಕಟ್ಟಿಕೊಟ್ಟಳು. "ಈ ಸಲ ಕೈ ಎಷ್ಟು ತುರಿಸಿದ್ರೂ ಮುಖ ಬರೀಬೇಡ ಕಣೇ" ಎಂದಳು.

ಕೋಟೆಯ ಮೊದಲ ಬಾಗಿಲಲ್ಲಿ ಕಬ್ಬಿಣದ ಕೊಕ್ಕಿನ ಹಕ್ಕಿ ಕಾವಲಿತ್ತು. ಒದಾರ್ಕಾ ಮೊಟ್ಟೆ ಮುಂದಿಟ್ಟಳು. ಕುಕ್ಕುವುದನ್ನೇ ಮರೆತ ಹಕ್ಕಿ ಕಾವಿಗೆ ಕೂತುಬಿಟ್ಟಿತು. ಎರಡನೆಯ ಬಾಗಿಲಲ್ಲಿ ಹಿಮದ ತೋಳ. ಅವಳು ಅದರ ಕತ್ತಿಗೆ ವಸ್ತ್ರ ಸುತ್ತಿದಳು. ಹುಟ್ಟಿದಾಗಿನಿಂದ ನಡುಗುತ್ತಿದ್ದ ಪ್ರಾಣಿ, ಬೆಚ್ಚಗಾದದ್ದೇ ಅವಳ ಕಾಲಬುಡದಲ್ಲಿ ಗೊರಕೆ ಹೊಡೆಯಿತು.

ಮೂರನೆಯ ಬಾಗಿಲಲ್ಲಿ ಮೊರೋಕನೇ ಇದ್ದ. ಒದಾರ್ಕಾ ಹೊಸ್ತಿಲ ಮೇಲೆ ಕೂತು, ಹುಲ್ಲಿಗೆ ಬಟ್ಟೆ ಸುತ್ತತೊಡಗಿದಳು. ಗೊಂಬೆ ಮುಗಿಯಿತು. ಅದನ್ನೂ ಹಿಡಿಯಲು ಅವನು ಮಂತ್ರ ಹೇಳಿದ, ಏನೂ ಆಗಲಿಲ್ಲ. ಆಗ ದನಿ ಮೆತ್ತಗೆ ಮಾಡಿ ಹೊಗಳತೊಡಗಿದ. ಅವಳಷ್ಟು ಚೆನ್ನಾಗಿ ಬರೆಯುವವರು ಮೂರು ಲೋಕದಲ್ಲೂ ಇಲ್ಲವೆಂದ. ಎರಡೇ ಕಣ್ಣು ಸಾಕೆಂದ. ಒದಾರ್ಕಾಳ ಬೆರಳುಗಳು ನಿಜಕ್ಕೂ ತುರಿಸಿದವು. ಅವನು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲವಲ್ಲ.

"ನನಗೆ ಬರೆಯೋಕೆ ಬರುತ್ತೆ, ಆದರೆ ಬರೆಯಲ್ಲ" ಎಂದು ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

ಮೊರೋಕನಿಗೆ ಸಿಟ್ಟು ನೆತ್ತಿಗೇರಿತು. ಗೊಂಬೆ ಕಿತ್ತುಕೊಂಡು, ಇದ್ದಿಲಿನ ಚೂರಿನಿಂದ ತಾನೇ ಬರೆಯತೊಡಗಿದ. ಪಾಪ, ಅವನಿಗೆ ಗೊತ್ತಿದ್ದ ಮುಖ ಒಂದೇ, ದಿನವೂ ಕನ್ನಡಿಯಲ್ಲಿ ಮೆಚ್ಚಿ ನೋಡುತ್ತಿದ್ದ ತನ್ನದು. ಮೀಸೆಯ ಕೊನೆ ಎಳೆ ಎಳೆದದ್ದೇ ತಡ, ಅವನು ಅಲ್ಲಿರಲಿಲ್ಲ. ಗೊಂಬೆ ಮಾತ್ರ ಮೀಸೆ ಹೊತ್ತು ನೆಲದಲ್ಲಿ ಬಿದ್ದಿತ್ತು.

ಒದಾರ್ಕಾ ಹಿಮ ಕರಗಿಸಿ, ಲಂಗದ ಅಂಚು ಅದ್ದಿ, ತಾನು ಬರೆದ ಮುಖಗಳನ್ನೆಲ್ಲ ಒರೆಸಿದಳು. ಅಷ್ಟು ಚೆಂದದ ಕಣ್ಣುಗಳನ್ನು ಅಳಿಸುವಾಗ ಅವಳಿಗೆ ಸ್ವಲ್ಪ ಸಂಕಟವಾಯಿತು, ಆದರೂ ಒರೆಸಿದಳು. ದೇವತೆಗಳು ಆಕಳಿಸಿ, ಮೈಮುರಿದು, ದಕ್ಷಿಣಕ್ಕೆ ಹಾರಿದರು. ಅವರು ದಾಟಿದ ಹೊಲದಲ್ಲೆಲ್ಲ ಮೊಳಕೆ ಎದ್ದಿತು. ಹಕ್ಕಿಯ ಮೊಟ್ಟೆಯೂ ಒಡೆದು, ಮೈತುಂಬ ಚಿತ್ತಾರದ ಮರಿ ಹೊರಬಂತು.

ಮೊರೋಕನನ್ನು ಒದಾರ್ಕಾ ಗೋಧಿಹೊಲದಲ್ಲಿ ಬೆದರುಬೊಂಬೆ ಮಾಡಿ ನಿಲ್ಲಿಸಿದಳು. ಗುಬ್ಬಿಗಳು ಹೆದರಲಿಲ್ಲ, ಅವನ ತಲೆಯ ಮೇಲೇ ಕೂತವು. ಸುಗ್ಗಿ ಮುಗಿದ ಮೇಲೆ ರಾಜನೂ ಪರಾಸ್ಕಾ ಅಜ್ಜಿಯ ಒಲೆಯ ಬಳಿ ಕೂತು ಗೊಂಬೆ ಸುತ್ತಿದ. ಮುಗಿದ ಮೇಲೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಒದಾರ್ಕಾ, ಬರೀ ಒಂದು ಮೂಗು?" ಎಂದು ಇದ್ದಿಲ ಚೂರು ಹಿಡಿದು ಪಿಸುಗುಟ್ಟಿದ.

ಒದಾರ್ಕಾ ನಗುತ್ತ ಅವನ ಕೈಯಿಂದ ಇದ್ದಿಲು ತೆಗೆದು ಒಲೆಗೆ ಹಾಕಿದಳು. ಹೊರಗೆ ಹಿಮ ಶುರುವಾಗಿತ್ತು. ಹೊಲದ ದೇವತೆ ಬಾಗಿಲು ತಳ್ಳಿ ಒಳಬಂದು, ರಾಜ ಸುತ್ತಿದ ಸೊಟ್ಟ ಗೊಂಬೆಯನ್ನೇ ಆರಿಸಿ ಅದರಲ್ಲಿ ಮಲಗಿದಳು. ಆ ವರ್ಷವೂ, ಆಮೇಲೆ ಎಲ್ಲ ವರ್ಷವೂ, ಆ ಸೀಮೆಯ ಜನ ಹೊಟ್ಟೆತುಂಬ ಉಂಡು ಸುಖವಾಗಿದ್ದರು.