ಎಡಹುರಿ

"ಅಳೀರಿ, ತೂಗ್ರಿ, ಬೇಕಾದ್ರ ನೀರಾಗ ಕುದಸ್ರಿ. ಹುರಿ ಮಾತ್ರ ಬಿಚ್ಚಬ್ಯಾಡ್ರಿ, ಸಾಹೇಬ್ರ."

ನೂಲು ತೋರಿಸಲು ಕಚೇರಿಗೆ ಬಂದಿದ್ದ ಮುದುಕಿ ಸಿದ್ದಲಿಂಗವ್ವನ ಬೆರಳುಗಳ ನಡುವೆ ಗೇಣುದ್ದದ ಕರೀ ನೂಲಿತ್ತು. ಮಾತಾಡುವಾಗಲೂ ಅದನ್ನು ಎಡಕ್ಕೆ ತಿರುವುತ್ತಲೇ ಇದ್ದಳು. ಮಹಾಲಿಂಗಪ್ಪನಿಗೆ ನಗು ತಡೆಯಲಾಗಲಿಲ್ಲ. ಮುಂಬಯಿಯಲ್ಲಿ ನೂಲಿನ ವಿದ್ಯೆ ಕಲಿತವನು. ಗಜೇಂದ್ರಗಡದಲ್ಲಿ ಹತ್ತಿ ಕಂಪನಿಯ ಮುಖ್ಯ ಕಚೇರಿ ಎದ್ದದ್ದೇ ಅವನ ನಕ್ಷೆಯಂತೆ: ನೂಲಿನ ಬಲ ನೋಡಲು ಒಂದು ಕೋಣೆ, ಬಣ್ಣ ನೋಡಲು ಒಂದು, ಹುರಿ ಎಣಿಸಲು ಇದೊಂದು. ಮೇಲ್ಮಾಳಿಗೆಯಲ್ಲಿ ಅವನ ಬಿಡಾರ. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಅವತ್ತೇ ಹೊಳೆಆಲೂರಿನಲ್ಲಿ ರೈಲಿಳಿದು ಬರುವವರಿದ್ದರು. ಮಗಳನ್ನು ಎತ್ತಿಕೊಂಡು ಎಂಟು ತಿಂಗಳಾಗಿತ್ತು, ತೋಳು ತುಡಿಯುತ್ತಿದ್ದವು.

"ಇದರಾಗ ಏನೈತ್ಯವ್ವಾ, ದೆವ್ವೇನು?"

"ನನ್ನ ಗಂಡ ಮುದಿಯಪ್ಪ ಅದಾನ್ರಿ. ನೀವು ಕಲ್ಲು ಹಾಸಿದ ಈ ನೆಲದಾಗ ನಮ್ಮ ಮಗ್ಗದ ಕುಣಿ ಇತ್ತು. ಇಲ್ಲೇ ಉರ್ಲ ಹಾಕ್ಕೊಂಡ. ಸತ್ತಮ್ಯಾಲ ಇಬ್ಬರು ಸೊಸ್ತೇರ ಕುತ್ತಿಗಿ ಹಿಚಿಕಿದ. ಮಾಟಗಾರ ಅಮೋಘಸಿದ್ದ ಅಂವನ್ನ ಈ ಎಡಹುರ್ಯಾಗ ಕಟ್ಟಿ ಹಾಕಿದ."

"ತಗೋ, ಅಂವಗೂ ಕಂಪನ್ಯಾಗ ಒಂದು ನೌಕರಿ ಕೊಡೋಣಂತ!"

ಓದಿ ಓದಿ ಮರುಳಾದ ಕೂಚಂಭಟ್ಟ ಎಂಬ ಮಾತು ಇಂಥವರಿಗಾಗಿಯೇ ಹುಟ್ಟಿದ್ದು. ಬೇಡ ಎಂದರೆ ಬಿಟ್ಟಾನೆಯೇ! ನೂಲನ್ನು ಅವಳ ಕೈಯಿಂದ ಕಿತ್ತುಕೊಂಡು ಹುರಿ ಎಣಿಸುವ ಯಂತ್ರದ ಎರಡು ಇಕ್ಕಳಗಳ ನಡುವೆ ಸಿಕ್ಕಿಸಿದ. ಹಿಡಿಕೆಯನ್ನು ಬಲಕ್ಕೆ ತಿರುಗಿಸಿದರೆ ಹುರಿ ಬಿಚ್ಚುತ್ತದೆ, ಮುಳ್ಳು ಸುತ್ತು ಎಣಿಸುತ್ತದೆ. ಸಿದ್ದಲಿಂಗವ್ವ ಬಾಗಿಲಿಗೆ ಒರಗಿ ಮುಳ್ಳನ್ನೇ ನೋಡುತ್ತ ನಿಂತಳು.

ಹತ್ತು ಸುತ್ತು. ಹಳಸಿದ ಗಂಜಿಯ ನಾತ ಎದ್ದಿತು. ಇಪ್ಪತ್ತು. ಹಾಸುಗಲ್ಲಿನ ಅಡಿಯಲ್ಲಿ ಮಗ್ಗ ಬಡಿದ ಸದ್ದು. ಟಕ್. ಟಕ್. ನಡು ಮಧ್ಯಾಹ್ನ, ಕಿಟಕಿ ತೆರೆದೇ ಇತ್ತು. ಆದರೂ ಕೋಣೆ ಮಸಿ ಬಳಿದಂತೆ ಕಪ್ಪಿಟ್ಟಿತು. ಮೂವತ್ತು. ಕುತ್ತಿಗೆಗೆ ಏನೋ ಸುತ್ತಿಕೊಂಡಿತು. ತೆಳ್ಳಗೆ. ತಣ್ಣಗೆ. ಮುಟ್ಟಿ ನೋಡಿದ. ಏನೂ ಇಲ್ಲ. ಚರ್ಮ ಮಾತ್ರ ಒಳಗೊಳಗೆ ಇಳಿಯುತ್ತಿತ್ತು. ಉಸಿರಿಲ್ಲ. ಹಿಡಿಕೆಯನ್ನು ಎಡಕ್ಕೆ ತಿರುವಿದ. ಉಸಿರು ಬಂತು. ಕೈ ನಿಲ್ಲಿಸಿದ. ಮುಳ್ಳು ತಾನಾಗಿಯೇ ಓಡಿತು. ಮತ್ತೆ ಬಿಗಿತ. ಅವನೊಂದು ಸುತ್ತು ಹಾಕಿದರೆ ಆ ಕಡೆಯಿಂದ ಯಾರೋ ಒಂದು ಸುತ್ತು ಬಿಚ್ಚುತ್ತಿದ್ದರು.

"ಯವ್ವಾ! ಬಿಡಸವ್ವಾ! ನಿನ್ನ ಕಾಲ ಬೀಳ್ತೀನಿ!"

"ತಿರುವ್ರಿ. ಮೂವತ್ತು ವರ್ಷ ನಾ ತಿರುವೇನಿ, ನಿದ್ದ್ಯಾಗೂ ಬಿಟ್ಟಿಲ್ಲ." ಮುದುಕಿಯ ದನಿಯಲ್ಲಿ ಕನಿಕರದ ಹನಿಯೂ ಇರಲಿಲ್ಲ. "ಬಿಚ್ಚಿದವರ ಕೈಗೇ ಪಾಳಿ ಹೋಗ್ತೈತಿ. ಊರ ಮಂದಿ ಯಾರೂ ಬಿಚ್ಚಲಿಲ್ಲ. ಬ್ಯಾಡ ಅಂದಿದ್ದನ್ನ ಮಾಡಾಂವ ಒಬ್ಬ ಬೇಕಾಗಿದ್ದ ನನಗ."

ಅಂಗಳದಲ್ಲಿ ಮೋಟಾರು ನಿಂತಿತು. ಪುಟ್ಟ ಚಪ್ಪಲಿಗಳ ಸದ್ದು ಓಡೋಡಿ ಬಂತು.

"ಅಪ್ಪಾ!"

ಜೀವ ತಡೆಯಲಿಲ್ಲ. ಹಿಡಿಕೆ ಬಿಟ್ಟು ಎದ್ದ. ಬಿಗಿತಕ್ಕೆ ಕಾದ. ಕುತ್ತಿಗೆಗೆ ಏನೂ ಆಗಲಿಲ್ಲ. ಎರಡು ಹೆಜ್ಜೆ ಇಟ್ಟ. ಹೊಸ್ತಿಲಲ್ಲಿ ಮಗಳು ಗಕ್ಕನೆ ನಿಂತಳು. ಬಾಯಿ ತೆರೆದಿತ್ತು, ಕೂಗು ಬರಲಿಲ್ಲ. ಮುಖ ನೀಲಿಗಟ್ಟಿತು. ಎಳೆಯ ಕುತ್ತಿಗೆಯ ಸುತ್ತ ನೂಲಿನಷ್ಟು ತೆಳ್ಳನೆಯ ಗೆರೆ ಮೂಡಿತು.

ಹಿಂದಕ್ಕೆ ಹಾರಿ ಹಿಡಿಕೆ ಹಿಡಿದ. ತಿರುವಿದ. ತಿರುವಿದ. ಮಗು ಕೆಮ್ಮಿತು, ಬಿಕ್ಕಿತು, ಅಪ್ಪನ ಕಡೆಗೆ ಎರಡೂ ಕೈ ಚಾಚಿತು. ಅವನು ಅಳುತ್ತ ತಿರುವುತ್ತಲೇ ಇದ್ದ.

ಸಿದ್ದಲಿಂಗವ್ವ ತನ್ನ ಖಾಲಿ ಕೈಗಳನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಬಗ್ಗಿ ಮಗುವನ್ನು ಎತ್ತಿಕೊಂಡಳು.